ಸ್ನಾನದ ತೊಟ್ಟಿಯಲ್ಲಿ ಬಿಷಪ್ಪನವರು

ಈ ವರ್ಷ ಅತ್ತೆಯ ಕಣ್ಣಿಗೆ ಜೀವಂತ ಟ್ರೌಟ್ ಮೀನನ್ನೇ ಬೀಳಿಸುತ್ತೇನೆ ಎಂದು ಕ್ಲೆಮ್ ಟ್ರೆಲೋರ್ ಶಪಥ ಮಾಡಿದ್ದು ಆಗಸ್ಟ್ ಕೊನೆಯ ಸೋಮವಾರ, ಬೆಳಗಿನ ಚಹಾದ ಹೊತ್ತಿನಲ್ಲಿ. ಶಪಥಕ್ಕೆ ತಕ್ಕ ಗಾಂಭೀರ್ಯ ಅವನ ಮುಖದಲ್ಲಿತ್ತು. ಕಾಲುಚೀಲ ಮಾತ್ರ ಒಂದೇ ಕಾಲಿಗಿತ್ತು.

ಕೋರಿಯಾಂಗ್ ಊರಿನ ಮನೆಮನೆಗೂ ಹೋಗಿ ನೀರಿನ ಮೀಟರ್ ಓದಿಕೊಂಡು ಬರುವುದು ಕ್ಲೆಮ್‌ನ ಕೆಲಸ. ಮಿಕ್ಕ ಹೊತ್ತಿನಲ್ಲಿ ಅವನು ಮೀನುಗಾರ. ಅದೂ ಎರೆಹುಳು ಚುಚ್ಚಿ ದಡದಲ್ಲಿ ತೂಕಡಿಸುವ ಜಾತಿಯವನಲ್ಲ. ಚಳಿಗಾಲವಿಡೀ ಅಡುಗೆಮನೆಯ ಮೇಜಿನ ಮೇಲೆ ಹುಂಜದ ಗರಿ, ಮೊಲದ ಕೂದಲು, ರೇಷ್ಮೆ ದಾರ ಹರಡಿಕೊಂಡು ಗಾಳದ ಕೊಕ್ಕೆಗೆ ಸುತ್ತಿ ಸುತ್ತಿ ಹುಸಿನೊಣ ಮಾಡುವವನು. ಅವನ ನೊಣ ನೋಡಿ ನಿಜವಾದ ನೊಣಗಳೇ ಮೋಸಹೋಗಿದ್ದುಂಟು. ಮೀನು ಮಾತ್ರ ಇನ್ನೂ ಹೋಗಿರಲಿಲ್ಲ.

ಹೋದ ವರ್ಷ ಅತ್ತೆ ಎನಿಡ್ ಅವರ ಹುಟ್ಟುಹಬ್ಬದ ಊಟಕ್ಕೆ ಅವನು ಬೆಣ್ಣೆಯಲ್ಲಿ ಹುರಿದ ಟ್ರೌಟ್ ಬಡಿಸಿ, ಹಿಮ ಕರಗಿ ಬಂದ ಹೊಳೆಯಲ್ಲಿ ಎದೆಮಟ್ಟ ನಿಂತು ಅದರೊಂದಿಗೆ ಸೆಣಸಿದ ಕಥೆಯನ್ನು ಮುಕ್ಕಾಲು ಗಂಟೆ ಹೇಳಿದ್ದ. ಎನಿಡ್ ಕಥೆಯನ್ನು ಪೂರ್ತಿ ಕೇಳಿದರು. ಮೂಳೆ ಹಾಕಲು ಕಸದ ಬುಟ್ಟಿಯತ್ತ ಹೋದರು. ಬರುವಾಗ ಕೈಯಲ್ಲಿ ಒಂದು ಪ್ಲಾಸ್ಟಿಕ್ ತಟ್ಟೆ ಇತ್ತು.

"ಕ್ಲೆಮೆಂಟ್," ಎಂದರು. ಅವನನ್ನು ಪೂರ್ತಿ ಹೆಸರಿನಿಂದ ಕರೆಯುವವರು ಲೋಕದಲ್ಲಿ ಅವರೊಬ್ಬರೇ. "ನಿನ್ನ ಹೊಳೆಯಲ್ಲಿ ಮೀನನ್ನ ಸ್ವಚ್ಛ ಮಾಡಿ, ಪ್ಯಾಕ್ ಮಾಡಿ, ಮಂಗಳವಾರದ ರಿಯಾಯಿತಿ ಚೀಟಿ ಅಂಟಿಸಿ ಬಿಟ್ಟಿರ್ತಾರಾ?"

ಆಮೇಲೆ ಒಂದು ವರ್ಷ ಆ ಮನೆಯಲ್ಲಿ ಯಾರೂ ರಿಯಾಯಿತಿ ಎಂಬ ಪದ ಬಳಸಿರಲಿಲ್ಲ.

"ರೋಸ್, ಭಾನುವಾರಕ್ಕೆ ಮಾಂಸ ತರಬೇಡ," ಎಂದ ಕ್ಲೆಮ್, ಎರಡನೆಯ ಕಾಲುಚೀಲ ಹುಡುಕುತ್ತಾ.

ಹೆಂಡತಿ ರೋಸ್ಲಿನ್ ತಲೆ ಎತ್ತಲಿಲ್ಲ. "ಯಾಕೆ, ಅಮ್ಮನ ಎಂಬತ್ತನೇ ಹುಟ್ಟುಹಬ್ಬಕ್ಕೆ ಉಪವಾಸಾನಾ?"

"ಶನಿವಾರದಿಂದ ಹೊಳೆಯಲ್ಲಿ ಮೀನು ಹಿಡಿಯೋಕೆ ಬಿಡ್ತಾರೆ. ನಾನು ಹಿಡಿದು ತರ್ತೀನಿ. ಜೀವಂತವಾಗಿ ತರ್ತೀನಿ. ಅಮ್ಮ ಬಂದು ಕಣ್ಣಾರೆ ನೋಡಲಿ, ಮುಟ್ಟಿ ನೋಡಲಿ. ಆಮೇಲೇ ಬಾಣಲೆಗೆ ಹಾಕೋದು."

"ಸರಿ. ನಾನು ಮೊಟ್ಟೆ ತಂದಿಟ್ಟಿರ್ತೀನಿ," ಎಂದಳು ರೋಸ್ಲಿನ್.

ಶನಿವಾರ ಬೆಳಕು ಹರಿಯುವ ಹೊತ್ತಿಗೆ ಕ್ಲೆಮ್ ಊರ ಮೇಲಿನ ತೊರೆಯಲ್ಲಿದ್ದ. ದಡದ ತುಂಬ ವಾಟಲ್ ಮರಗಳು ಹಳದಿ ಹೂ ಬಿಟ್ಟಿದ್ದವು. ಬೆಟ್ಟದ ಹಿಮವೆಲ್ಲ ಕರಗಿ ಅವನ ರಬ್ಬರ್ ಶರಾಯಿಯನ್ನೇ ಹುಡುಕಿಕೊಂಡು ಬಂದಹಾಗಿತ್ತು. ಮೊದಲ ಮೂರು ಗಂಟೆಯಲ್ಲಿ ಅವನು ಹಿಡಿದದ್ದು ಒಂದು ವಾಟಲ್ ಕೊಂಬೆ, ತನ್ನದೇ ಟೋಪಿ, ತನ್ನದೇ ಹಿಂದಿನ ಜೇಬು. ಜೇಬನ್ನು ಬಿಡಿಸಿಕೊಳ್ಳಲು ಇಪ್ಪತ್ತು ನಿಮಿಷ ಹಿಡಿಯಿತು. ಅದರ ಸೆಣಸಾಟ ಯಾವ ಮೀನಿಗೂ ಕಡಿಮೆಯಿರಲಿಲ್ಲ.

ಸೋತು ಬಂಡೆಯ ಮೇಲೆ ಕೂತು ಸ್ಯಾಂಡ್‌ವಿಚ್ ಬಿಚ್ಚಿದ. ಗಾಳದ ಕೋಲು ಮಂಡಿಯ ಮಧ್ಯೆ ಇತ್ತು. ನೊಣ ನೀರಿನಲ್ಲಿ ತನ್ನ ಪಾಡಿಗೆ ತಾನು ತೇಲುತ್ತಿತ್ತು. ಮೊದಲ ತುತ್ತು ಬಾಯಿಗಿಡುವಷ್ಟರಲ್ಲಿ ಕೋಲು ಮಂಡಿಯಿಂದ ಜಾರಿ ಹೊಳೆಯ ಕಡೆ ಹೊರಟಿತು. ಕ್ಲೆಮ್ ಸ್ಯಾಂಡ್‌ವಿಚ್ ಬಿಟ್ಟು ಕೋಲು ಹಿಡಿದ. ಕೋಲಿನ ಹಿಂದೆ ತಾನೂ ಹೋದ. ಸೊಂಟದವರೆಗೆ ಮುಳುಗಿ, ಎದ್ದು, ಮತ್ತೆ ಮುಳುಗಿ, ಕಡೆಗೆ ಬಲೆ ಮರೆತು ಬಂದದ್ದು ನೆನಪಾಗಿ ಟೋಪಿಯಲ್ಲೇ ಮೀನನ್ನು ಬಾಚಿಕೊಂಡ. ಮೊಳಕ್ಕೆ ನಾಲ್ಕು ಬೆರಳು ಕಡಿಮೆ. ಬಂಗಾರದ ಬಣ್ಣದ ಮೈ, ಪಕ್ಕದಲ್ಲಿ ಕೆಂಪು ಚುಕ್ಕೆ, ಕೆಳಗೆ ಬಾಗಿದ ಬಾಯಿ. ಕ್ಲೆಮ್ ಅದನ್ನೇ ನೋಡಿದ. ಅವನಿಗೆ ಅಳು ಬಂತು. ಸುತ್ತ ಯಾರೂ ಇರಲಿಲ್ಲವಾದ್ದರಿಂದ ಸ್ವಲ್ಪ ಅತ್ತ.

ಐಸ್ ಪೆಟ್ಟಿಗೆಗೆ ಹೊಳೆನೀರು ತುಂಬಿ ಅದರಲ್ಲಿ ಮೀನು ಬಿಟ್ಟುಕೊಂಡು ಮನೆಗೆ ಬಂದವನೇ ಸೀದಾ ಬಚ್ಚಲಿಗೆ ನುಗ್ಗಿದ. ಊರ ನಲ್ಲಿ ನೀರಿನಲ್ಲಿರುವ ಔಷಧಿ ಮೀನಿಗೆ ಆಗಿಬರುವುದಿಲ್ಲ ಎಂಬುದು ನೀರಿನ ಮನುಷ್ಯನಾದ ಅವನಿಗೆ ಗೊತ್ತಿತ್ತು. ಹಿತ್ತಲಿನ ಮಳೆನೀರಿನ ಟ್ಯಾಂಕಿನಿಂದ ಕಿಟಕಿಯೊಳಗೆ ಪೈಪು ಎಳೆದು ಸ್ನಾನದ ತೊಟ್ಟಿ ತುಂಬಿಸಿದ. ಪೆಟ್ರೋಲ್ ಬಂಕಿನಲ್ಲಿದ್ದ ಐಸನ್ನೆಲ್ಲ ತಂದು ಸುರಿದ. ನಿಂತ ನೀರಿನಲ್ಲಿ ಮೀನಿಗೆ ಉಸಿರು ಕಟ್ಟುತ್ತದಲ್ಲ, ಅದಕ್ಕೆ ಗಾಳಿ ಬೇಕು. ಅಡುಗೆಮನೆಗೆ ಓಡಿ ಕೈಯಲ್ಲಿ ತಿರುಗಿಸುವ ಮೊಟ್ಟೆ ಕಡೆಯುವ ಯಂತ್ರ ತಂದು ನೀರನ್ನು ಕಡೆಯತೊಡಗಿದ.

ರೋಸ್ಲಿನ್ ಬಾಗಿಲಲ್ಲಿ ಬಂದು ನಿಂತಳು. ಕೈಯಲ್ಲಿ ಹಿಟ್ಟಿನ ಬೋಗುಣಿ ಇತ್ತು.

"ಅದು ನನ್ನ ಕೇಕಿಗೆ ಬೇಕು."

"ಕಾಲು ಗಂಟೆಗೊಂದು ಸಲ ಕಡೀಬೇಕು ರೋಸ್. ಇಲ್ಲಾಂದ್ರೆ ಇದು ಸತ್ತೋಗತ್ತೆ."

"ನಾಳೆ ಹೇಗೂ ಸಾಯಿಸ್ತೀಯಲ್ಲ."

"ನಾಳೆ ಸಾಯೋದು ಬೇರೆ. ಇವತ್ತು ಸತ್ರೆ ನನ್ನ ಮಾತು ಯಾರು ನಂಬ್ತಾರೆ?"

"ಅಮ್ಮ ಇವತ್ತೇ ಬರ್ತಿದ್ದಾರೆ," ಎಂದಳು ರೋಸ್ಲಿನ್. "ಅರ್ಧ ಗಂಟೆ ಹಿಂದೆ ದಾರಿಯಿಂದ ಫೋನ್ ಮಾಡಿದ್ರು. ಮಂಡಿನೋವಂತೆ. ಬಂದ ತಕ್ಷಣ ಬಿಸಿನೀರಿನ ತೊಟ್ಟೀಲಿ ಕೂರಬೇಕಂತೆ."

ಕ್ಲೆಮ್ ಯಂತ್ರ ಕೆಳಗಿಡುವಷ್ಟರಲ್ಲೇ ಹೊರಗೆ ಕಾರು ನಿಂತಿತು. ಎನಿಡ್ ಬಂದರು, ಅಳಿಯನ ಒದ್ದೆ ಶರಾಯಿಯನ್ನು ನೋಡಿದರು. ಟವೆಲ್ ಹೆಗಲ ಮೇಲೆ ಹಾಕಿಕೊಂಡು ಬಚ್ಚಲಿಗೆ ಹೋಗಿ ಬಾಗಿಲು ಮುಚ್ಚಿಕೊಂಡರು.

ಗಂಡ ಹೆಂಡತಿ ಹಜಾರದಲ್ಲಿ ಉಸಿರು ಹಿಡಿದು ನಿಂತರು. ಕಿರುಚಾಟ ಕೇಳಿಸಲಿಲ್ಲ. ಎರಡು ನಿಮಿಷವಾಯಿತು, ಐದಾಯಿತು. ಆಮೇಲೆ ಒಳಗಿಂದ ಮಾತು ಕೇಳಿಸಿತು.

"ಎಡ ಮಂಡಿ ಪರವಾಗಿಲ್ಲ," ಎನ್ನುತ್ತಿದ್ದರು ಎನಿಡ್. "ಬಲದ್ದೇ ಜೀವ ತಿನ್ನೋದು. ಮೆಟ್ಟಿಲು ಇಳಿಯುವಾಗ ನೋಡಬೇಕು ನೀನು."

ಕ್ಲೆಮ್ ಮೆಲ್ಲಗೆ ಬಾಗಿಲು ತೆರೆದ. ಅತ್ತೆ ಮುಕ್ಕಾಲಿ ಎಳೆದುಕೊಂಡು ತೊಟ್ಟಿಯ ಪಕ್ಕ ಕೂತಿದ್ದರು. ಕೈ ತಾನಾಗಿಯೇ ಯಂತ್ರದ ಹಿಡಿಕೆ ತಿರುಗಿಸುತ್ತಿತ್ತು. ಮೀನು ಅವರ ಕಡೆಗೇ ಮುಖ ಮಾಡಿ ನಿಂತಿತ್ತು.

"ಅಮ್ಮ, ನೋಡಿದ್ರಲ್ಲ," ಎಂದ ಕ್ಲೆಮ್. ವರ್ಷದಿಂದ ಕಾಯ್ದಿಟ್ಟ ಮಾತು. "ಅಂಗಡಿಯದ್ದಲ್ಲ. ನಾನೇ ಹಿಡಿದದ್ದು. ಇವತ್ತು ಬೆಳಿಗ್ಗೆ ಹೊಳೆ ಹೆಂಗಿತ್ತು ಅಂದ್ರೆ..."

"ಸ್ವಲ್ಪ ಮೆತ್ತಗೆ ಮಾತಾಡು ಕ್ಲೆಮೆಂಟ್. ಬಿಷಪ್‌ಗೆ ಗಾಬರಿಯಾಗತ್ತೆ."

"ಯಾರಿಗೆ?"

"ಬಾಯಿ ನೋಡು, ಆ ಕೆಂಪು ಚುಕ್ಕೆಯ ಅಂಗಿ ನೋಡು. ನಮ್ಮ ಮದುವೆ ಮಾಡಿಸಿದ ಬಿಷಪ್ ಹೀಗೇ ಇದ್ರು. ಆದ್ರೆ ಇವರು ಒಳ್ಳೆಯವರು. ಹೇಳಿದ್ದೆಲ್ಲಾ ಕೇಳ್ತಾರೆ, ಮಧ್ಯೆ ಬಾಯಿ ಹಾಕಲ್ಲ. ನಾನೊಬ್ಬಳೇ ಇರೋ ಆಲ್ಬರಿಯ ಆ ಫ್ಲ್ಯಾಟಲ್ಲಿ ನನ್ನ ಮಾತನ್ನ ಇಷ್ಟು ಹೊತ್ತು ಯಾರು ಕೇಳಿದ್ದಾರೆ ಹೇಳು."

ಹೀಗೆ ಅಂದು ಸಂಜೆಗೆ ಮೀನು ಬಿಷಪ್ಪನವರಾಯಿತು. ಮನೆಯವರೆಲ್ಲ ಸರದಿಯ ಮೇಲೆ ಬಿಷಪ್ಪನವರ ನೀರು ಕಡೆದರು. ಯಾರಿಗೂ ಸ್ನಾನವಿಲ್ಲ. ಹೊಳೆಯ ಕೆಸರಿನ ವಾಸನೆ ಹೊತ್ತ ಕ್ಲೆಮ್‌ನ ಹತ್ತಿರ ಬಿಷಪ್ಪನವರ ಹೊರತು ಬೇರೆ ಯಾರೂ ಸುಳಿಯಲಿಲ್ಲ. ಟ್ಯಾಂಕಿನ ನೀರು ತಳ ಕಂಡಿತು. ಹಿಟ್ಟು ಕಡೆಯದೆ ಮಾಡಿದ ಕೇಕು ಒಲೆಯಿಂದ ಹೊರಬಂದಾಗ ರೋಸ್ಲಿನ್ ಅದನ್ನು ಮೇಜಿನ ಮೇಲೆ ಬೀಳಿಸಿ ನೋಡಿದಳು. ಮೇಜಿನ ಬಣ್ಣ ಎದ್ದಿತು, ಕೇಕಿಗೆ ಏನೂ ಆಗಲಿಲ್ಲ.

ಭಾನುವಾರ ಹನ್ನೊಂದಕ್ಕೆ ಕ್ಲೆಮ್ ಚಾಕು ಮಸೆದುಕೊಂಡು ಹೊರಟ. ಬಚ್ಚಲ ಬಾಗಿಲಿಗೆ ಒಳಗಿನಿಂದ ಚಿಲಕ ಬಿದ್ದಿತ್ತು.

"ಅಮ್ಮ, ಬಾಗಿಲು ತೆಗೀರಿ. ಅಡುಗೆಗೆ ಹೊತ್ತಾಯ್ತು."

"ಯಾರ ಹುಟ್ಟುಹಬ್ಬ ಇವತ್ತು?"

"ನಿಮ್ಮದೇ."

"ಹಾಗಾದ್ರೆ ನನ್ನ ಅತಿಥೀನ ನಾನು ತಿನ್ನಲ್ಲ. ಚಾಕು ಒಳಗಿಡು."

ಕ್ಲೆಮ್ ಹೆಂಡತಿಯ ಕಡೆ ನೋಡಿದ. ರೋಸ್ಲಿನ್ ಆಗಲೇ ಬಾಣಲೆಗೆ ಮೊಟ್ಟೆ ಒಡೆಯುತ್ತಿದ್ದಳು. ಎಂಬತ್ತನೆಯ ಹುಟ್ಟುಹಬ್ಬದ ಔತಣ ಹುರಿದ ಮೊಟ್ಟೆ, ಬ್ರೆಡ್ಡುಗಳಲ್ಲಿ ಮುಗಿಯಿತು. ಎನಿಡ್ ಅವರ ತಟ್ಟೆ ಬಚ್ಚಲಿಗೇ ಹೋಯಿತು.

ಊಟವಾದ ಮೇಲೆ ಅವರು ಹೊರಗೆ ಬಂದರು. ಮುಖ ಸಣ್ಣದಾಗಿತ್ತು. "ಐಸೆಲ್ಲ ಕರಗಿದೆ," ಎಂದರು. "ಒಂದು ಪಕ್ಕಕ್ಕೆ ವಾಲ್ತಿದ್ದಾರೆ ಕ್ಲೆಮೆಂಟ್. ಹೊಳೆಗೆ ಕರ್ಕೊಂಡು ಹೋಗೋಣ."

ಅವನು ಇಲ್ಲ ಎನ್ನಬೇಕೆಂದು ಬಾಯಿ ತೆರೆದ. ಹದಿನೆಂಟು ವರ್ಷದಲ್ಲಿ ಅತ್ತೆ ತನ್ನನ್ನು ಏನಾದರೂ ಕೇಳಿಕೊಂಡದ್ದು ಇದೇ ಮೊದಲು ಎಂದು ಹೊಳೆಯಿತು. ಬಾಯಿ ಮುಚ್ಚಿ ಕಾರಿನ ಕೀಲಿ ತೆಗೆದುಕೊಂಡ.

ಎನಿಡ್ ಮುಂದಿನ ಸೀಟಿನಲ್ಲಿ ಐಸ್ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು, ದಾರಿಯುದ್ದಕ್ಕೂ ಮೊಟ್ಟೆ ಯಂತ್ರ ತಿರುಗಿಸುತ್ತಾ ಬಂದರು. ರಸ್ತೆಯ ಪ್ರತಿ ಗುಂಡಿಗೂ ಕ್ಲೆಮ್‌ಗೆ ಬೈಗುಳ ಬಿತ್ತು. ರಸ್ತೆ ತನ್ನದಲ್ಲ, ನೀರು ಮಾತ್ರ ತನ್ನದು ಎಂದು ಅವನು ಹೇಳಿ ನೋಡಿದ. ನಡೆಯಲಿಲ್ಲ.

ತೊರೆಯ ದಡದಲ್ಲಿ, ಇಬ್ಬರೂ ಕೆಸರಿನಲ್ಲಿ ಮಂಡಿಯೂರಿ ಪೆಟ್ಟಿಗೆಯ ಮುಚ್ಚಳ ತೆಗೆಯುವಾಗ ಹಿಂದಿನಿಂದ ದನಿ ಬಂತು.

"ನಮಸ್ಕಾರ. ಮೀನುಗಾರಿಕೆ ಇಲಾಖೆಯಿಂದ. ಈ ಸಲದ ಮೀನಿನ ಲೆಕ್ಕ ಬರ್ಕೋತಿದ್ದೀವಿ. ಪೆಟ್ಟಿಗೇಲಿ ಏನಿದೆ?"

ಹಸಿರು ಅಂಗಿಯ ಅಧಿಕಾರಿಣಿ, ಮೂವತ್ತರ ಆಸುಪಾಸು.

"ಬಿಷಪ್," ಎಂದರು ಎನಿಡ್.

ಕ್ಲೆಮ್ ಮಧ್ಯೆ ಬಂದು ವಿವರಿಸಿದ. ಬಹಳ ಚೆನ್ನಾಗಿ ವಿವರಿಸಿದ. ಟೋಪಿಯ ವಿಷಯವನ್ನೂ ಬಿಡಲಿಲ್ಲ. ಅಧಿಕಾರಿಣಿಯ ಹುಬ್ಬು ಮೇಲೇರುತ್ತಾ ಹೋಯಿತು.

"ಅಂದ್ರೆ ಹೊಳೆಯ ಮೀನನ್ನ ಜೀವಂತವಾಗಿ ಸಾಗಿಸಿದ್ದೀರಿ. ಬಚ್ಚಲಲ್ಲಿ ಇಟ್ಕೊಂಡಿದ್ದೀರಿ. ಈಗ ವಾಪಸ್ ಬಿಡೋಕೆ ಬಂದಿದ್ದೀರಿ. ಇದ್ಯಾವುದನ್ನೂ ಮಾಡೋ ಹಾಗಿಲ್ಲ ಅಂತ ಗೊತ್ತಾ ನಿಮಗೆ? ಅಲ್ಲೇ ಇರಿ. ಕಾರಿಂದ ದಂಡದ ಪುಸ್ತಕ ತರ್ತೀನಿ."

ಆಕೆ ಹೋಗಿ ಬರುವಷ್ಟರಲ್ಲಿ ಪೆಟ್ಟಿಗೆ ಬೋರಲಾಗಿತ್ತು. ನೀರಿನಲ್ಲಿ ಕಲ್ಲುಗಳ ನಡುವೆ ಬಂಗಾರದ ಬೆನ್ನೊಂದು ಒಂದು ಕ್ಷಣ ನಿಂತು, ಬಾಲ ಒಮ್ಮೆ ಬೀಸಿ, ಆಳಕ್ಕೆ ಇಳಿಯಿತು. ಎನಿಡ್ ಎರಡೂ ಕೈಗಳನ್ನು ಮುಂದೆ ಚಾಚಿ ತೋರಿಸಿದರು. ಕೈಗಳು ಗಡಗಡ ನಡುಗುತ್ತಿದ್ದವು.

"ಎಂಬತ್ತಾಯ್ತು ನೋಡಮ್ಮ. ಹಿಡಿತ ಸಾಲಲ್ಲ. ಜಾರಿಹೋಯ್ತು."

ಅಧಿಕಾರಿಣಿ ಪೆಟ್ಟಿಗೆಯನ್ನು ನೋಡಿದಳು, ಮುದುಕಿಯ ಕೆಸರಾದ ಲಂಗವನ್ನು ನೋಡಿದಳು. ದಂಡದ ಪುಸ್ತಕವನ್ನು ಕಂಕುಳಲ್ಲಿಟ್ಟು ಲೆಕ್ಕದ ಹಾಳೆ ತೆಗೆದಳು.

"ಸಾರ್, ಒಂದೇ ಪ್ರಶ್ನೆ. ಯೋಚನೆ ಮಾಡಿ ಉತ್ತರ ಹೇಳಿ. ನೀವು ಈ ಹೊಳೆಯಲ್ಲಿ ಮೀನು ಹಿಡಿದು ಜೀವಂತ ಸಾಗಿಸಿದ್ರೆ ನಿಮ್ಮ ಮೇಲೂ ಕೇಸು, ಇವರ ಮೇಲೂ ಕೇಸು. ಮೀನೇ ಹಿಡಿದಿಲ್ಲ ಅಂದ್ರೆ ನೀವು ಖಾಲಿ ಪೆಟ್ಟಿಗೆ ತಂದು ತೊಳೀತಿದ್ದೀರಿ ಅಷ್ಟೆ. ಎಷ್ಟು ಮೀನು ಹಿಡಿದ್ರಿ?"

ಕ್ಲೆಮ್ ಹೊಳೆ ನೋಡಿದ. ಇಪ್ಪತ್ತಾರು ವರ್ಷ ಗರಿ ಸುತ್ತಿದ ಬೆರಳುಗಳನ್ನು ನೋಡಿಕೊಂಡ. ಪಕ್ಕದಲ್ಲಿ ಅತ್ತೆ ಕೆಸರಿನಲ್ಲಿ ಬಲ ಮಂಡಿ ಒತ್ತಿ ಹಿಡಿದು ನಿಂತಿದ್ದರು.

"ಇಲ್ಲ," ಎಂದ.

"ಇಲ್ಲ ಅಂದ್ರೆ?"

"ಒಂದೂ ಹಿಡಿದಿಲ್ಲ ಮೇಡಂ."

ಆಕೆ ದೊಡ್ಡದಾಗಿ ಸೊನ್ನೆ ಬರೆದಳು. ಕ್ಲೆಮ್ ಅದರ ಮುಂದೆ ಸಹಿ ಹಾಕಿದ.

"ಸಾಕ್ಷಿಗೆ ಇನ್ನೊಂದು ಸಹಿ ಬೇಕು."

"ಕೊಡಮ್ಮ ಇಲ್ಲಿ," ಎಂದು ಎನಿಡ್ ಹಾಳೆ ಇಸಿದುಕೊಂಡರು. ಸಹಿ ಹಾಕಿದರು. ಷರಾ ಎಂದಿದ್ದ ಖಾಲಿ ಜಾಗವನ್ನೂ ಬಿಡದೆ, ಒಂದು ಅಕ್ಷರವೂ ಅಲುಗಾಡದ ದುಂಡನೆಯ ಬರಹದಲ್ಲಿ ತುಂಬಿದರು: "ನನ್ನ ಅಳಿಯನಿಗೆ ಮೀನು ಹಿಡಿಯಲು ಬರುವುದಿಲ್ಲ. ಇದು ನನ್ನ ಖಚಿತ ಅನುಭವ."