ಅಕ್ಕೋರ ಬೆನ್ನು

ಕೈ ಮುರಿದರೆ ಪ್ಲಾಸ್ಟರ್ ಇದೆ, ಜ್ವರ ಬಂದರೆ ಥರ್ಮಾಮೀಟರ್ ಇದೆ. ನೋಡಲು ಬಂದವರಿಗೆ ತೋರಿಸಲು ಏನಾದರೂ ಇರುತ್ತದೆ. ನನ್ನ ಬೆನ್ನುನೋವಿಗೆ ಆ ಭಾಗ್ಯವಿಲ್ಲ. ನಾನು ಸಂಶಿ ಎಂಬ ಹಳ್ಳಿಯ ಶಾಲೆಯೊಂದರಲ್ಲಿ ಗಣಿತ ಕಲಿಸುವವಳು, ಊರಿಗೆಲ್ಲ ಅಕ್ಕೋರು. ಅರ್ಧ ಬೋರ್ಡು ಬರೆಯುವಷ್ಟರಲ್ಲಿ ಬೆನ್ನು, ಹೆಗಲು, ಕುತ್ತಿಗೆ ಒಟ್ಟಿಗೆ ಹಿಡಿದುಕೊಳ್ಳುತ್ತಿದ್ದವು. ಬೆಳಿಗ್ಗೆ ಏಳುವಾಗ, ನಿದ್ದೆಯಲ್ಲೆಲ್ಲಾ ಜೋಳದ ಚೀಲ ಹೊತ್ತಂತಿರುತ್ತಿತ್ತು. ಎಕ್ಸ್‌ರೇ ತೆಗೆಸಿದರೆ ಮೂಳೆಗಳು ಪಠ್ಯಪುಸ್ತಕದ ಚಿತ್ರದಷ್ಟು ನೆಟ್ಟಗೆ ಬಂದವು. ನನ್ನ ಯಜಮಾನರು ಅದನ್ನು ಶುಭಸಮಾಚಾರವೆಂದು ತಿಳಿದು ಪೇಢೆ ತಂದರು. ಪೇಢೆ ಬಾಯಲ್ಲಿದ್ದಾಗಲೇ ನನಗೆ ಅಳು ಬಂತು.

ಕೊನೆಗೆ ಹುಬ್ಬಳ್ಳಿಯ ಡಾಕ್ಟರೊಬ್ಬರು ಅಲ್ಲಲ್ಲಿ ಒತ್ತಿ ನೋಡಿ, ತಾಳ್ಮೆಯಿಂದ ಕೇಳಿ, ಇದು ಫೈಬ್ರೊಮಯಾಲ್ಜಿಯಾ ಎಂದರು. ನೋವು ನಿಜವಾದದ್ದೇ, ಆದರೆ ನರಗಳು ಸಣ್ಣದನ್ನೂ ದೊಡ್ಡದು ಮಾಡಿ ಮಿದುಳಿಗೆ ಮುಟ್ಟಿಸುತ್ತವೆಯಂತೆ. ನಮ್ಮ ಓಣಿಯ ಕೆಲವರ ಸ್ವಭಾವ ನನ್ನ ನರಗಳಿಗೂ ಬಂದಿದೆ ಎಂದುಕೊಂಡೆ. ಒಂದು ಸಣ್ಣ ಮಾತ್ರೆ, ಹೊತ್ತಿಗೆ ಸರಿಯಾಗಿ ನಿದ್ದೆ, ದಿನಾ ಸಂಜೆ ಮೆಲ್ಲಗೆ ನಡಿಗೆ: ಇಷ್ಟೇ ಔಷಧ.

ಮಾತ್ರೆ ನುಂಗುವುದು ಸುಲಭ. ಆದರೆ ನಮ್ಮೂರಿನಲ್ಲಿ ಹೆಂಗಸೊಬ್ಬಳು ಸುಮ್ಮನೆ ನಡೆಯುವುದೆಂದರೆ ಸುಮ್ಮನೆಯ ಮಾತೇ? ಪ್ರತಿ ಮನೆಯ ಕಟ್ಟೆಯಿಂದಲೂ, "ಎಲ್ಲಿಗಿ ಹೊಂಟ್ರೀ ಅಕ್ಕೋರ?" "ಎಲ್ಲಿಗೂ ಇಲ್ರಿ" ಎಂದರೆ ಯಾರೂ ನಂಬಲಿಲ್ಲ. ಮನೆಯಲ್ಲಿ ಜಗಳವಾಗಿದೆ ಎಂದುಕೊಂಡು ಕೆಲವರು ನಮ್ಮ ಯಜಮಾನರಿಗೆ ಬುದ್ಧಿ ಹೇಳಿದರು. ನಾನು ನಡಿಗೆ ಬಿಟ್ಟು ಮತ್ತೆ ಹಾಸಿಗೆ ಹಿಡಿದೆ.

ಅದನ್ನು ಕಂಡ ನಮ್ಮ ಅತ್ತೆ ಒಂದು ಸಂಜೆ ಚಪ್ಪಲಿ ಮೆಟ್ಟಿಕೊಂಡು ಬಾಗಿಲಲ್ಲಿ ನಿಂತರು. "ಏಳ್ ಬೇ, ಹೋಗೂಣು" ಎಂದರು. ದಾರಿಯುದ್ದಕ್ಕೂ ಕೇಳಿದವರಿಗೆಲ್ಲ, ನಮ್ಮ ಸೊಸೆಗೆ ಫೈಬರ್ ಬ್ಯಾನಿ ಎಂದು ತಾವೇ ವಿವರಿಸಿದರು. ಅದು ಮನೆ ಮೇಲಿನ ಫೈಬರ್ ಟಾಕಿಯ ನೀರಿನಿಂದ ಬರುತ್ತದೆಯೇ ಎಂದು ಒಬ್ಬಾಕೆ ಗಾಬರಿಯಾದರು.

ಊರು ದಾಟಿ ಮೆಣಸಿನಕಾಯಿ ಹೊಲದ ಬಳಿ ಬಂದಾಗ ಅತ್ತೆಯ ದನಿ ಸಣ್ಣದಾಯಿತು.

"ನಾ ಹರೇದಾಕಿ ಇದ್ದಾಗ ನನ್ನ ಬೆನ್ನೂ ಹಿಂಗ ಹಿಡೀತಿತ್ತು. ರೊಟ್ಟಿ ಬಡಿಯಾಕ ಆಗ್ತಿದ್ದಿಲ್ಲ."

"ಮತ್ತ ಏನ್ ಮಾಡಿದ್ರಿ, ಅತ್ತಿ?"

"ಏನ್ ಮಾಡೂದು, ಬಡದೆ. ಆಗ ಇದಕ್ಕ ಮೈಗಳ್ಳತನ ಅಂತಿದ್ರು."

ಅಷ್ಟು ಹೇಳಿ ಸೆರಗು ಸರಿಮಾಡಿಕೊಂಡರು. ಅವರ ಬೆನ್ನನ್ನು ನಾನು ಎಂದೂ ಸರಿಯಾಗಿ ನೋಡಿರಲಿಲ್ಲ. ಕೈ ಹಿಡಿದುಕೊಂಡೆ, ಅವರು ಬಿಡಿಸಿಕೊಳ್ಳಲಿಲ್ಲ.

ಈಗ ನಮ್ಮ ನಡಿಗೆಗೆ ಓಣಿಯ ಹೆಂಗಸರೂ ಸೇರಿದ್ದಾರೆ. ನಡೆಯುವುದಕ್ಕಿಂತ ನಿಂತು ನಗುವುದೇ ಹೆಚ್ಚು. ನೋವು ಪೂರ್ತಿ ಹೋಗಿಲ್ಲ. ಆದರೆ ಅರ್ಧ ಬೋರ್ಡು ದಾಟಿ ಪೂರ್ತಿ ಬರೆಯುತ್ತೇನೆ.

ಮೊನ್ನೆ ಮಾತ್ರ ಬೆನ್ನು ಬಹಳ ಕಾಡಿತು. ಇವತ್ತು ಬೇಡ ಎಂದೆ. "ನೀ ಮಲಕ್ಕೋ ಯವ್ವಾ, ನಾ ಅಷ್ಟ ಹೋಗಿ ಬರ್ತೀನಿ" ಎಂದು ಅತ್ತೆ ಹೊರಟೇಬಿಟ್ಟರು. ಸ್ವಲ್ಪ ಹೊತ್ತು ಮಲಗಿದೆ. ನಾನಿಲ್ಲದ ಆ ಗುಂಪಿನಲ್ಲಿ ನನ್ನ ಬಗ್ಗೆ ಏನೇನು ಮಾತು ನಡೆದಿರಬಹುದು ಎಂಬ ಯೋಚನೆ ಬೆನ್ನಿಗಿಂತ ಜೋರಾಗಿ ನೋಯತೊಡಗಿತು. ಎದ್ದು, ಸೊಂಟದ ಮೇಲೆ ಕೈಯಿಟ್ಟುಕೊಂಡು, ಡಾಕ್ಟರು ಹೇಳಿದ್ದಕ್ಕಿಂತ ಬಹಳ ಜೋರಾಗಿ ನಡೆದೆ.