ರೊಟ್ಟಿಯ ಸೀಮೆಯಲ್ಲಿ ಅನ್ನದ ಮನುಷ್ಯ

ಊರೂರು ತಿರುಗುವವನಿಗೆ ಹೊಟ್ಟೆಯೇ ಮೇಷ್ಟ್ರು. ನನ್ನಂಥ ದಡ್ಡನಿಗಂತೂ ಅದು ಹೋದಲ್ಲೆಲ್ಲ ಪಾಠ ಹೇಳಿದೆ. ರಾಜ್ಯ ಒಂದಾದ ಹೊಸದರಲ್ಲಿ ಹೊಲಿಗೆ ಮಷೀನು ಮಾರುವ ಕೆಲಸ ಹಿಡಿದು ಮೈಸೂರಿನಿಂದ ರೋಣ, ನರಗುಂದ, ಗಜೇಂದ್ರಗಡದ ಕಡೆ ಬಂದೆ. ಹೊಟ್ಟೆಗೆ ಅನ್ನವಿಲ್ಲದಿದ್ದರೆ ಕೆಲಸ ಬಿಟ್ಟು ಬಂದುಬಿಡು, ಬದುಕಿದ್ದರೆ ಬೇಡಿ ತಿನ್ನಬಹುದು ಎಂದು ಅಮ್ಮ ಹೇಳಿ ಕಳಿಸಿದ್ದಳು. ನನಗೋ ಆ ಕೆಲಸ ಬಿಟ್ಟರೆ ಬೇರೆ ಗತಿಯಿರಲಿಲ್ಲ.

ನರಗುಂದದ ಖಾನಾವಳಿ

ಮೊದಲ ದಿನವೇ ಒಂದು ಖಾನಾವಳಿ ಹೊಕ್ಕೆ. ಬಿಸಿ ಜೋಳದ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಗುರೆಳ್ಳು ಹಿಂಡಿ ಎಂಬ ಚಟ್ನಿಪುಡಿ ಬಂದವು. ಇದು ತಿಂಡಿ, ಊಟ ಆಮೇಲೆ ಎಂದುಕೊಂಡು ತಟ್ಟೆ ಚೊಕ್ಕಟ ಮಾಡಿದೆ. ಬಡಿಸುವವನು ಇನ್ನೊಂದು ರೊಟ್ಟಿ ಹಾಕಿದ. ಇದನ್ನು ಮುಗಿಸಿದರೆ ಅನ್ನ ಬರುತ್ತದೆ ಎಂದು ನಾನು, ತಟ್ಟೆ ಬರಿದಾಗಿದೆಯೆಂದರೆ ಹಸಿವು ಇನ್ನೂ ಇದೆ ಎಂದು ಅವನು. ಇಬ್ಬರೂ ಸೋಲಲಿಲ್ಲ. ನಾನು ಗೋಡೆಗೆ ಒರಗಿ ಮೇಲುಸಿರು ಬಿಡತೊಡಗಿದಾಗ ಪಕ್ಕದಲ್ಲಿದ್ದ ಹತ್ತಿ ದಲಾಲರೊಬ್ಬರಿಗೆ ಕನಿಕರ ಬಂತು. ಒಂದು ತುಂಡು ರೊಟ್ಟಿ ತಟ್ಟೆಯಲ್ಲಿ ಉಳಿಸಿಕೊಂಡು ಅನ್ನ ಕೇಳಬೇಕೆಂದು ಅವರು ತಿಳಿಸಿಕೊಟ್ಟರು. ಹಾಗೇ ಕೇಳಿದೆ. ಮಲ್ಲಿಗೆ ಹೂವಿನಂಥ ಅನ್ನ ಬಂತು. ಒಂದು ಅಗುಳಿಗೂ ಹೊಟ್ಟೆಯಲ್ಲಿ ಜಾಗವಿರಲಿಲ್ಲ.

ರೋಣದ ಬಸ್ಸು

ಇನ್ನೊಮ್ಮೆ ರೋಣಕ್ಕೆ ಹೋಗುವ ಬಸ್ಸು ಸವಡಿಯ ಹತ್ತಿರ ಕೆಟ್ಟು ನಿಂತಿತು. ಇಲ್ಲಿ ಹೋಟೆಲು ಎಲ್ಲಿದೆ ಎಂದು ಜೊತೆಗಿದ್ದ ಹಿರಿಯ ರೈತರನ್ನು ಕೇಳಿದೆ. ಬೈಸಿಕೊಂಡವರಂತೆ ನನ್ನನ್ನು ನೋಡಿದರು.

"ಇಷ್ಟ ಮಂದಿ ಬುತ್ತಿ ಕಟಗೊಂಡ ಬಂದೀವಿ, ನಿಮಗ ಹೋಟ್ಲು ಬೇಕೇನ್ರಿ?"

ಬೇವಿನ ಮರದಡಿ ಬುತ್ತಿಗಳು ಬಿಚ್ಚಿಕೊಂಡವು. ಗರಿಗರಿ ಕಟಕ್ ರೊಟ್ಟಿ, ಶೇಂಗಾ ಹಿಂಡಿ, ಗಟ್ಟಿ ಮೊಸರು, ಒಬ್ಬರ ಗಂಟಿನಿಂದ ಬೆಲ್ಲ ಬೆರೆಸಿದ ಸಿಹಿ ಮಾದಲಿ. ನಾನು ಯಾರೆಂದು ಯಾರೂ ಕೇಳಲಿಲ್ಲ. ಇನ್ನಷ್ಟು ಹಾಕಲೇ ಎಂದಷ್ಟೇ ಕೇಳಿದರು. ಒಬ್ಬ ಅಜ್ಜಿ ಹಸಿ ಮೆಂತ್ಯದ ಸೊಪ್ಪು ಕೊಟ್ಟಾಗ, ಪಾಪ, ಅಡಿಗೆಗೆ ಕೊಟ್ಟಿದ್ದಾಳೆಂದು ಚೀಲಕ್ಕೆ ಹಾಕಿದೆ. ಅಜ್ಜಿ ಚೀಲದಿಂದ ಅದನ್ನು ತೆಗೆದು, ರೊಟ್ಟಿಯ ಜೊತೆ ನನ್ನ ಬಾಯಿಗೇ ತುರುಕಿದಳು. ಅಷ್ಟರಲ್ಲಿ ಬಸ್ಸು ರಿಪೇರಿಯಾಗಿ ಡ್ರೈವರ್ ಹಾರ್ನ್ ಹೊಡೆದ. ಪರವೂರಿನವರು ಉಣ್ಣುತ್ತಿದ್ದಾರೆಂದು ಒಬ್ಬರೂ ಏಳಲಿಲ್ಲ. ಡ್ರೈವರ್ ಸಿಟ್ಟಿನಿಂದ ಇಳಿದು ಬಂದ, ಮಾದಲಿ ನೋಡಿದ, ಚಕ್ಕಂಬಕ್ಕಳ ಹಾಕಿ ಕುಳಿತ. ಆಮೇಲೆ ಅವನನ್ನು ಎಬ್ಬಿಸುವುದೇ ನಮಗೆಲ್ಲ ಕಷ್ಟವಾಯಿತು.

ಗಜೇಂದ್ರಗಡಕ್ಕೆ ಅಮ್ಮ

ಗಜೇಂದ್ರಗಡದಲ್ಲಿ ಕೋಣೆ ಹಿಡಿದು ಒಬ್ಬ ಅಕ್ಕನ ಖಾನಾವಳಿಯಲ್ಲಿ ಉಣ್ಣುತ್ತಿದ್ದೆ. ಎಲ್ಲರೂ ಅವರನ್ನು ಅಕ್ಕಾರ ಎನ್ನುತ್ತಿದ್ದರು. ನಾನು ಅನ್ನವಿಲ್ಲದೆ ಸೊರಗಿದ್ದೇನೆಂದು ಯಾರೋ ಅಮ್ಮನ ಕಿವಿ ಊದಿದರು. ನನ್ನನ್ನು ಕರೆದೊಯ್ದೇ ತೀರುತ್ತೇನೆಂದು ಅವಳು ಬಂದಿಳಿದಳು.

ಅಕ್ಕಾರಿಗೆ ಸಂಭ್ರಮ. ಆ ಕಡೆ ಅನ್ನವೆಂದರೆ ಹಬ್ಬಕ್ಕೆ, ಬೀಗರಿಗೆ. ಅಮ್ಮನಿಗೂ ರೊಟ್ಟಿ ಹಾಕಿ ಎಂದು ನಾನು ಹೇಳಿದರೆ ಅವರು ಒಪ್ಪಲಿಲ್ಲ.

"ಅನ್ನಾ ಉಣ್ಣೋ ಮಂದಿಗೆ ರೊಟ್ಟಿ ಹಾಕಿದ್ರ ನಮ್ಮ ಮರ್ಯಾದಿ ಏನ್ ಉಳೀತೈತ್ರಿ?"

ಹೀಗಾಗಿ ಎರಡು ಹೊತ್ತೂ ಅಮ್ಮನಿಗೆ ಅನ್ನ, ಸಾರು. ಪಕ್ಕದಲ್ಲಿ ನನಗೆ ಉಬ್ಬಿದ ಬಿಸಿ ರೊಟ್ಟಿ, ಬೆಣ್ಣೆ, ಪುಂಡಿ ಪಲ್ಯ. ಅಮ್ಮ ನನ್ನ ತಟ್ಟೆಯನ್ನೇ ನೋಡುತ್ತಾ ಅನ್ನ ಕಲೆಸುತ್ತಿದ್ದಳು. ರೊಟ್ಟಿ ದನದ ಮೇವು ಎಂದು ಬಂದ ದಿನವೇ ಅಂದುಬಿಟ್ಟಿದ್ದಳು. ಈಗ ಕೇಳಲು ಬಾಯಿ ಬರಬೇಕಲ್ಲ.

ಹೊರಡುವ ದಿನ ಬಂತು. ನನ್ನ ಟ್ರಂಕೂ ಬಾಗಿಲಿಗೆ ಬಂದಿತ್ತು. ಕೆಲಸ ಹೋಯಿತು, ಅಕ್ಕಾರ ಕೈಯ ಊಟವೂ ಹೋಯಿತು ಎಂದುಕೊಂಡೆ. ತಾಯಿಯಂತೆ ನೋಡಿಕೊಂಡಿದ್ದ ಹೆಂಗಸು ಅವರು. ಕೊನೆಯ ಊಟಕ್ಕೆ ಕುಳಿತಾಗ ಅವರು ಅನ್ನದ ಪಾತ್ರೆ ಹಿಡಿದು ಬಂದರು. ಅಮ್ಮ ತಟ್ಟೆಗೆ ಕೈ ಅಡ್ಡ ಇಟ್ಟಳು. ಇನ್ನೇನು ಜಗಳವಾಯಿತು ಎಂದು ನಾನು ತಲೆ ತಗ್ಗಿಸಿದೆ.

"ನಿಮ್ಮ ದಮ್ಮಯ್ಯ ಅಕ್ಕಾ, ನನಗೂ ಎರಡು ರೊಟ್ಟಿ ಹಾಕಿ. ಇವನ ಟ್ರಂಕು ಬೇಕಾದರೆ ಇಲ್ಲೇ ಇರಲಿ. ಇಲ್ಲಿಗೆ ಬಂದು ಬರೀ ಅನ್ನ ತಿಂದು ನಾನೇ ಸೊರಗಿಹೋಗಿದ್ದೇನೆ."