ಕುಂಬಳಹೂವಿನ ಬೀಗತಿ

ನಮ್ಮ ಸೋದರತ್ತೆ ಮಾಡಿಸಿದಷ್ಟು ಲಗ್ನಗಳನ್ನು ಬೈಲಹೊಂಗಲ ತಾಲೂಕಿನ ಯಾವ ಅಯ್ಯನವರೂ ಮಾಡಿಸಿರಲಿಕ್ಕಿಲ್ಲ. ಮಳೆಗಾಲ ಬಂತೆಂದರೆ ಅವಳಿಗೆ ದಿನಕ್ಕೊಂದು ಮುಹೂರ್ತ. ಕೆಲವು ದಿನ ಮೂರು, ನಾಲ್ಕು! ಎಲ್ಲವೂ ಹೊತ್ತು ಹುಟ್ಟುವಾಗಿನವು, ಎಲ್ಲವೂ ದೊಡವಾಡದ ನಮ್ಮ ತವರುಮನೆಯ ಹಿತ್ತಲ ತಿಪ್ಪೆಯ ಮೇಲೆ. ಇಷ್ಟು ಮಾಡಿದರೂ ಯಾವ ಬೀಗರೂ ಅವಳಿಗೆ ಒಂದು ಸೀರೆ ಉಡಿಸಿದ್ದಿಲ್ಲ. ಉಡಿಸುವುದಾದರೂ ಹೇಗೆ? ಮದುಮಕ್ಕಳೆಲ್ಲ ಕುಂಬಳದ ಹೂವುಗಳು.

ನಗಬೇಡಿ. ಅವಳ ಎದುರಿಗಂತೂ ನಗಲೇಬೇಡಿ. ಸೆರಗನ್ನು ತಲೆಯ ಮೇಲೆ ಹೊದ್ದು, ಕೈ ತೊಳೆದು ಒರೆಸಿಕೊಂಡು, ಗುಡಿಯ ಗರ್ಭಗುಡಿಗೆ ಹೋಗುವವಳಂತೆ ಅವಳು ತಿಪ್ಪೆ ಏರುತ್ತಾಳೆ. ಆ ಹೊತ್ತಿನಲ್ಲಿ ಹಿತ್ತಲಲ್ಲಿ ಯಾರೂ ಕೆಮ್ಮುವಂತಿಲ್ಲ. ನನ್ನ ತಮ್ಮ ಒಮ್ಮೆ ಅಲ್ಲೇ ಹಲ್ಲುಜ್ಜುತ್ತ ನಿಂತಿದ್ದಕ್ಕೆ ಅವತ್ತು ಅವನಿಗೆ ಚಹಾ ಸಿಗಲಿಲ್ಲ.

ನಾನು ಬೈಲಹೊಂಗಲದಲ್ಲಿ ಹೈಸ್ಕೂಲಿನ ಮಕ್ಕಳಿಗೆ ವಿಜ್ಞಾನ ಕಲಿಸುವವಳು, ಆದ್ದರಿಂದ ಇದರ ಒಳಗುಟ್ಟು ಸ್ವಲ್ಪ ಹೇಳಿಬಿಡುತ್ತೇನೆ. ಕುಂಬಳದ ಬಳ್ಳಿಯಲ್ಲಿ ಗಂಡು ಹೂವು ಬೇರೆ, ಹೆಣ್ಣು ಹೂವು ಬೇರೆ. ಉದ್ದನೆಯ ಬಡಕಲು ತೊಟ್ಟಿನ ಮೇಲೆ ಸುಮ್ಮನೆ ಮೆರೆಯುವುದು ಗಂಡು. ಹೆಣ್ಣಿನ ಬುಡದಲ್ಲಿ ಗೋಲಿಯಷ್ಟು ಮಿಡಿ ಮೊದಲೇ ಕೂತಿರುತ್ತದೆ. ಗಂಡಿನ ಪರಾಗ ಹೆಣ್ಣಿಗೆ ಮುಟ್ಟಿದರೆ ಆ ಮಿಡಿ ಕಾಯಾಗುತ್ತದೆ. ಮುಟ್ಟದಿದ್ದರೆ ಹಳದಿಯಾಗಿ ಉದುರುತ್ತದೆ. ಜೋಳದ್ದಾದರೆ ಗಾಳಿಯ ಮೇಲಿನ ಸಂಸಾರ, ಯಾರ ಹಂಗೂ ಇಲ್ಲ. ಕುಂಬಳದ ಪರಾಗ ಅಂಟಂಟು, ಗಾಳಿಗೆ ಹಾರುವುದಿಲ್ಲ. ಕುಂಬಳಕ್ಕೆ, ಹೀರೆಗೆ, ಸೌತೆಗೆ ನಡುವೆ ಓಡಾಡುವವರು ಬೇಕು, ಜೇನುಹುಳದಂಥವರು. ಅದೂ ಒಂದೇ ಮುಂಜಾನೆಯ ಮಾತು. ಬಿಸಿಲು ಏರುವಷ್ಟರಲ್ಲಿ ಹೂವು ಮುಚ್ಚಿಕೊಳ್ಳುತ್ತದೆ. ಈಗ ಸುತ್ತಲ ಹೊಲಗಳಲ್ಲಿ ಹತ್ತಿ, ಸೋಯಾಬೀನು. ಬೆಳೆ ಹೂವಾಡುವ ಹೊತ್ತಿಗೇ ಮಂದಿ ಕೀಟನಾಶಕದ ಎಣ್ಣೆ ಹೊಡೆಯುತ್ತಾರೆ. ಹುಳಕ್ಕೆ ಅಂತ ಹೊಡೆದದ್ದು ಜೇನಿಗೇನು ಬೇರೆ ಆಗುತ್ತದೆಯೇ? ಮೊದಲು ನಮ್ಮ ಹಿತ್ತಲು ಬೆಳಿಗ್ಗೆ ಗುಂಯ್ ಅನ್ನುತ್ತಿತ್ತು. ಈಗ ಅಲ್ಲಿ ಅತ್ತೆಯ ಬಳೆಯ ಸದ್ದು ಮಾತ್ರ.

ಹುಳ ಬಾರದ ಮೇಲೆ ಅತ್ತೆಯೇ ಗಂಡು ಹೂವು ಕಿತ್ತು, ಎಸಳು ಸುಲಿದು, ನಡುವಿನ ಕಡ್ಡಿಯನ್ನು ಹೆಣ್ಣಿನ ಒಡಲಿಗೆ ಮೆಲ್ಲಗೆ ಸವರುತ್ತಾಳೆ. ಮೇಲೆ ನಾಲ್ಕು ಅಕ್ಕಿಕಾಳು. ಅಕ್ಕಿಕಾಳು ಯಾವ ಪಠ್ಯಪುಸ್ತಕದಲ್ಲಿದೆ ಅಂತ ನಾನು ಕೇಳಿಲ್ಲ. ಇನ್ನೊಂದು ನೇಮವಿದೆ. ಒಂದೇ ಬಳ್ಳಿಯ ಹೆಣ್ಣಿಗೆ ಅದೇ ಬಳ್ಳಿಯ ಗಂಡನ್ನು ಅವಳು ತರುವುದಿಲ್ಲ. ನಮ್ಮಲ್ಲಿ ಒಂದೇ ಬೆಡಗಿನವರು, ಅಂದರೆ ಒಂದೇ ಗೋತ್ರದವರು, ಅಣ್ಣತಂಗಿಯರಿದ್ದಂತೆ, ಅವರಲ್ಲಿ ಹೆಣ್ಣು ಕೊಟ್ಟು ತರುವುದಿಲ್ಲ. ಅದೇ ಕಾನೂನು ಕುಂಬಳಕ್ಕೂ! ಅದೇ ಬಳ್ಳಿಯ ಗಂಡಿನಿಂದಲೂ ಕಾಯಿ ಕಟ್ಟುತ್ತದೆ, ಚಿಂತೆ ಇಲ್ಲ ಅಂದೆ. “ಕಾಯಿ ಕಟ್ಟಿದ್ರ ಆತೇನ? ಮಂದಿ ಏನಂದಾರು?” ಅಂದಳು. ಸಸ್ಯಶಾಸ್ತ್ರವೂ ಬೇರೆ ಬಳ್ಳಿಯ ಪರಾಗವೇ ಒಳ್ಳೆಯದು ಅನ್ನುವುದರಿಂದ ನಾನು ಸುಮ್ಮನಾದೆ.

ಹೀಗೆ ಇಷ್ಟೊಂದು ಲಗ್ನ ಮಾಡುತ್ತೀಯಲ್ಲ, ಒಂದಕ್ಕಾದರೂ ಬ್ಯಾಂಡು ಬೇಡವೇ ಅಂತ ಒಮ್ಮೆ ಚೇಷ್ಟೆ ಮಾಡಿದೆ. “ಬ್ಯಾಂಡ ಹಚ್ಚಿ ಮಾಡಿದ್ದ ಲಗ್ನಾನೂ ನೋಡೇನಲ್ಲವಾ” ಅಂದಳು, ಹೂವಿನಿಂದ ಕಣ್ಣು ತೆಗೆಯದೆ.

ನೋಡಿದ್ದು ಹೌದು. ರಾಮದುರ್ಗದ ಕಡೆಯ ಒಂದು ಹಳ್ಳಿಗೆ ಅವಳನ್ನು ಬ್ಯಾಂಡು ಹಚ್ಚಿಯೇ ಕೊಟ್ಟಿದ್ದರು. ಮಕ್ಕಳಾಗಲಿಲ್ಲ. ಬಂಜೆ ಅಂತ ಹೆಸರಿಟ್ಟು, ಒಂದು ಟ್ರಂಕಿನ ಜೊತೆ ದೊಡವಾಡಕ್ಕೆ ತಂದು ಬಿಟ್ಟುಹೋದರು. ಗಂಡ ಎರಡನೆಯವಳನ್ನು ಮಾಡಿಕೊಂಡ. ಅವಳಿಗೂ ಆಗಲಿಲ್ಲ. ಆಗಲಾದರೂ ಯಾರಾದರೂ ಅವನ ಕಡೆ ಬೊಟ್ಟು ಮಾಡಿದರೇ? ಎಲ್ಲಿಯ ಮಾತು! ಇಬ್ಬರು ಬಂಜೆಯರನ್ನು ಕಟ್ಟಿಕೊಂಡ ಪಾಪದ ಮನುಷ್ಯ ಅಂತ ಮರುಗಿದರಂತೆ. ಇದನ್ನು ನೆನೆದರೆ ನನಗೆ ಈಗಲೂ ಮೈ ಉರಿಯುತ್ತದೆ.

ಅತ್ತೆಗೆ ಈ ಹುಚ್ಚು ಹತ್ತಿದ್ದಕ್ಕೆ ಕಾರಣ ನಾನೇ. ಒಂದು ಭಾನುವಾರ ಊರಿಗೆ ಹೋದಾಗ ಅವಳು ಹಿತ್ತಲಲ್ಲಿ ಕುಂಬಳದ ಬಳ್ಳಿಯನ್ನು ಬುಡಸಮೇತ ಕೀಳಲು ನಿಂತಿದ್ದಳು. ಮಿಡಿಗಳೆಲ್ಲ ಹಳದಿಯಾಗಿ ಉದುರಿದ್ದವು. ಬಂಜೆ ಬಳ್ಳಿ ಇಟ್ಟುಕೊಂಡು ಏನು ಮಾಡುವುದು ಅಂತ ಅವಳೇ ಬಯ್ಯುತ್ತಿದ್ದಳು. ನಾನು ಅವಳ ಕೈ ಹಿಡಿದು, ತರಗತಿಯಲ್ಲಿ ಹೇಳುವ ಹಾಗೆಯೇ ಹೇಳಿದೆ: “ಬಳ್ಳಿ ಚಲೋ ಐತಿ ಅತ್ತಿ, ಹೂವೂ ಚಲೋ ಐತಿ. ಮುಂಜಾನಿ ಹುಳ ಬಂದಿಲ್ಲ, ಪರಾಗ ಸಿಕ್ಕಿಲ್ಲ, ಅದಕ್ಕ ಉದರತಾವು.”

“ಹಂಗಾದ್ರ ಬಳ್ಳೀದೇನೂ ತಪ್ಪಿಲ್ಲ?”

ಇಲ್ಲ ಅಂದೆ. ಅವಳು ಇನ್ನೊಮ್ಮೆ ಅದನ್ನೇ ಕೇಳಿದಳು. ಇನ್ನೊಮ್ಮೆ ಇಲ್ಲ ಅಂದೆ. ಬಳ್ಳಿಯ ಬುಡಕ್ಕೆ ಮಣ್ಣು ಏರಿಸಿ, ನೀರು ಹಾಕಿ ಒಳಗೆ ಹೋದಳು. ಮರುದಿನ ಮುಂಜಾನೆಯಿಂದ ಲಗ್ನಗಳು ಸುರುವಾದವು.

ಆಮೇಲೆ ಊರಿನ ಮಂದಿಗೆ ಅವಳೊಂದು ತಮಾಷೆಯಾದಳು. ಸವದತ್ತಿಯಲ್ಲಿ ಬಂಧುಗಳ ಮಗಳ ಕುಬಸವಿತ್ತು. ಬಸುರಿಯನ್ನು ಮಣೆಯ ಮೇಲೆ ಕೂರಿಸಿ, ಮಕ್ಕಳೊಂದಿಗರು ಒಬ್ಬೊಬ್ಬರಾಗಿ ಅಕ್ಕಿ, ಕೊಬ್ಬರಿ, ಉತ್ತತ್ತಿ ಹಾಕಿ ಉಡಿ ತುಂಬುವ ಶಾಸ್ತ್ರ ಅದು. ಉಡಿ ತುಂಬುವ ಹೊತ್ತು ಬಂತು ಅನ್ನುವಾಗ ಅತ್ತೆ ಎದ್ದು, ನಾಳೆ ಒಂದು ಹೆಣ್ಣು ಹೂವು ಅರಳುವುದಿದೆ, ಬಸ್ಸು ತಪ್ಪೀತು ಅಂತ ಹೊರಟೇಬಿಟ್ಟಳು! ಎಲ್ಲರೂ ಬಿದ್ದು ಬಿದ್ದು ನಕ್ಕರು. ಮಕ್ಕಳಿಲ್ಲದ ನಿನ್ನನ್ನು ಬಿಟ್ಟು ಉಳಿದವರು ಬರಲಿ ಅಂತ ಯಾರೂ ಬಾಯಿಬಿಟ್ಟು ಹೇಳುವ ಪ್ರಸಂಗ ಬರಲಿಲ್ಲ. ಆಮೇಲೆ ಗಮನಿಸಿದೆ, ಯಾರ ಕುಬಸವಿದ್ದರೂ ಉಡಿಯ ಹೊತ್ತಿಗೆ ಸರಿಯಾಗಿ ನಮ್ಮ ಹಿತ್ತಲಲ್ಲಿ ಏನೋ ಒಂದು ಅರಳುವುದಿರುತ್ತಿತ್ತು. ಕುಂಬಳ ಹೂ ಬಿಡದ ಕಾಲದಲ್ಲೂ!

ಈ ವರ್ಷ ಕುಬಸ ನಮ್ಮ ಮನೆಯಲ್ಲೇ. ತಮ್ಮನ ಹೆಂಡತಿ ಬಸುರಿ. ಕುಬಸಕ್ಕೆ ಬೆಲ್ಲ ಹಾಕಿ ಕರಿದ ಕುಂಬಳಕಾಯಿಯ ಗಾರಿಗೆಯೇ ಆಗಬೇಕು, ಅದೂ ನಮ್ಮ ಬಳ್ಳಿಯದೇ ಆಗಬೇಕು ಅಂತ ಅತ್ತೆ ಹಟ ಹಿಡಿದಳು. ಅಷ್ಟರಲ್ಲಿ ಒಂದು ಅನಾಹುತ ಆಯಿತು. ಆ ಹುಡುಗಿಯೇ ಶ್ರಾವಣ ಸೋಮವಾರದ ಪೂಜೆಗೆ ಅಂತ ನಸುಕಿನಲ್ಲಿ ಎದ್ದು, ಹೇಗೂ ಕಾಯಿ ಕಟ್ಟದ ಪೊಳ್ಳು ಹೂವುಗಳಲ್ಲವೇ ಅಂದುಕೊಂಡು, ಗಂಡು ಹೂವನ್ನೆಲ್ಲ ಕಿತ್ತು ನೀರಿನ ಬೋಗುಣಿಗೆ ಹಾಕಿದ್ದಳು. ನೀರು ಕುಡಿದ ಪರಾಗ ಯಾವ ಕೆಲಸಕ್ಕೆ ಬರುತ್ತದೆ? ತಿಪ್ಪೆಯ ಮೇಲೆ ಎರಡು ಹೆಣ್ಣು ಹೂವು ಅರಳಿ ನಿಂತಿವೆ, ಇಡೀ ಹಿತ್ತಲಲ್ಲಿ ಒಂದು ಗಂಡಿಲ್ಲ! ಅತ್ತೆ ಒಂದು ಮಾತು ಬಯ್ಯಲಿಲ್ಲ. ಸೆರಗು ಹೊದ್ದು ವರಾನ್ವೇಷಣೆಗೆ ಓಣಿಗಿಳಿದಳು. ಆಚೆ ಮನೆಯ ಗೌಡರು ಕಂಬಳಿ ಹೊದ್ದುಕೊಂಡೇ ಬಾಗಿಲು ತೆಗೆದು, ಅವಳ ಸಂಕಟವನ್ನೆಲ್ಲ ಕೇಳಿ, “ನಮ್ಮದು ಹೈಬ್ರಿಡ್ ಐತೆವಾ, ನಿಮ್ಮ ಮನಿತನಕ್ಕ ನಡೀತೈತೇನ?” ಅಂದರಂತೆ.

“ಬೆಡಗು ಬ್ಯಾರೆ ಐತೆಲ್ರಿ, ಸಾಕು” ಅಂತ ಇಸಿದುಕೊಂಡು ಬಂದಳು.

ಆ ಎರಡೂ ಹೂವು ಕಾಯಿ ಕಟ್ಟಿದವು. ಕುಬಸದ ದಿನ ಮನೆ ತುಂಬ ಗಾರಿಗೆಯ ವಾಸನೆ. ಬಂದ ಹೆಂಗಸರೆಲ್ಲ ಬೆಲ್ಲ ಎಷ್ಟು ಹಾಕಿದಿರಿ, ಕಾಯಿ ಎಲ್ಲಿಯದು ಅಂತ ಬಾಯಿ ಚಪ್ಪರಿಸಿದರು. ಹುಡುಗಿಗೆ ಹಸಿರು ಸೀರೆ ಉಡಿಸಿ ಮಣೆಯ ಮೇಲೆ ಕೂರಿಸಿ ಕುಬಸದ ಹಾಡು ಎತ್ತಿದರು. ನಾನು ಅತ್ತೆಯ ಕಡೆ ನೋಡಿದೆ. ನಿರೀಕ್ಷೆಯಂತೆ ಎದ್ದು ಹಿತ್ತಲಿಗೆ ನಡೆದಳು. ಇಂದು ಇದು ಅವಳದೇ ಮನೆ, ಇಲ್ಲಿಂದ ಯಾವ ಬಸ್ಸು ಹತ್ತುತ್ತಾಳೆ?

ಬಸ್ಸು ಹತ್ತಲಿಲ್ಲ. ಕೈ ತೊಳೆದುಕೊಂಡು, ಒರೆಸಿಕೊಂಡು, ತಲೆಯ ಮೇಲೆ ಸೆರಗು ಹೊದ್ದು ಒಳಗೆ ಬಂದು ಮಣೆಯ ಮುಂದೆ ನಿಂತಳು. ಹಾಡು ನಿಂತಿತು. ಹಿರಿಯಳೊಬ್ಬಳು, ಯಾಕ ಬಂದಿ, ಅದು ಮಕ್ಕಳಾದವರು ಮಾಡೂದು ಅಂತ ಮೆಲ್ಲಗೆ ಅಂದಳು. ಕೆಟ್ಟ ಮನಸ್ಸಿನಿಂದಲ್ಲ, ವಾಡಿಕೆಯಿಂದ.

“ಗಾರಿಗಿ ತಿಂದ್ರೆಲ್ಲ” ಅಂದಳು ಅತ್ತೆ, ದನಿ ಏರಿಸದೆ. “ಆ ಕಾಯಿ ಕಟ್ಟಿದ್ದು ಈ ಕೈಲೆ. ಈ ಕೈ ಮುಟ್ಟಿದ್ದು ಒಂದ ಹೂವೂ ಉದರಿಲ್ಲ. ಬಳ್ಳೀದೇನೂ ತಪ್ಪಿರಲಿಲ್ಲರಿ.”

ಕೊನೆಯ ಮಾತು ಯಾವ ಬಳ್ಳಿಯದು ಅಂತ ಕೇಳುವ ಧೈರ್ಯ ಅಲ್ಲಿ ಯಾರಿಗೂ ಇರಲಿಲ್ಲ. ನನಗಂತೂ ಅಂದು ಬಳ್ಳಿಯ ಬುಡದಲ್ಲಿ ಅವಳು ಎರಡು ಸಲ ಕೇಳಿದ್ದು ಏನನ್ನು ಅಂತ ಆಗ ತಿಳಿಯಿತು. ಕಣ್ಣು ತುಂಬಿ ಬಂತು, ಒರೆಸಿಕೊಳ್ಳಲೂ ಇಲ್ಲ.

ತಮ್ಮನ ಹೆಂಡತಿ ಸೆರಗನ್ನು ಎರಡೂ ಕೈಯಿಂದ ಅಗಲ ಮಾಡಿ ಒಡ್ಡಿದಳು. ಅತ್ತೆ ಬೊಗಸೆ ತುಂಬ ಅಕ್ಕಿ ಸುರಿದಳು.

ಒಂದು ಹೂವೂ ಉದುರಿಲ್ಲ ಅಂದದ್ದು ಮಾತ್ರ ಶುದ್ಧ ಸುಳ್ಳು. ಉದುರಿದ್ದನ್ನು ನಾನೇ ಕಂಡಿದ್ದೇನೆ, ಕೈಯಿಂದ ಮಾಡಿದರೂ ಕೆಲವು ನಿಲ್ಲುವುದಿಲ್ಲ. ನಾನು ವಿಜ್ಞಾನ ಕಲಿಸುವವಳು, ಹುಡುಗರ ತಪ್ಪನ್ನು ಅಲ್ಲಲ್ಲೇ ತಿದ್ದುವ ಚಟ ನನ್ನದು. ಅಂದು ತಿದ್ದಲಿಲ್ಲ, ನಿಂತ ಹಾಡನ್ನು ನಾನೇ ಮುಂದೆ ಎತ್ತಿಕೊಂಡೆ.